‘ನಾಳೆ ಬಾ’ ಅಂತ ಬರೆದ ಬಾಗಿಲು: ತಡವಾದ ಪ್ರೀ-ಆರ್ಡರ್ ಮತ್ತು ಗ್ರಾಹಕರ ನಂಬಿಕೆ

ವಿಡಿಯೊ ನೋಡೋಕೆ ಸಮಯ ಸಿಗದವರಿಗೆ, ಮೆಟ್ರೊದಲ್ಲಿ ನಿಂತ್ಕೊಂಡೇ ಓದೋರಿಗೆ ಈ ಬರಹ. ಮಾತಾಡಿದ್ದನ್ನ ಸ್ವಲ್ಪ ತಿದ್ದಿ, ಲೆಕ್ಕಗಳನ್ನ ಸರಿಯಾಗಿ ಜೋಡಿಸಿ ಕೊಟ್ಟಿದ್ದೀನಿ.

ಇವತ್ತಿನ ವಿಷಯ ಪ್ರೀ-ಆರ್ಡರ್. ಇನ್ನೂ ತಯಾರಾಗದ ವಸ್ತುವಿಗೆ ಮೊದಲೇ ದುಡ್ಡು ತಗೊಳ್ಳೋದು, ಹೇಳಿದ ತಿಂಗಳಿಗೆ ಕೊಡೋಕೆ ಆಗದೇ ಇರೋದು, ಆಮೇಲೆ ಗ್ರಾಹಕರು ‘ಇವರು ಮೋಸಗಾರರು’ ಅಂತ ತೀರ್ಮಾನ ಮಾಡೋದು. ಆ ಹಂತದಿಂದ ನಂಬಿಕೆಯನ್ನ ವಾಪಸ್ ತರೋಕೆ ಆಗತ್ತಾ? ಆದರೆ ಹೇಗೆ?

ಸಾಫ್ಟ್‌ವೇರ್‌ನವರಿಗೆ ಇದು ಯಾಕೆ ಅಂತ ಕೇಳಬಹುದು. ನಾನು ಪುಣೆಯಲ್ಲಿ ಒಂದು ಎಂಬೆಡೆಡ್ ತಂಡದಲ್ಲಿ ಪ್ರೋಗ್ರಾಂ ಮ್ಯಾನೇಜರ್. ನಮ್ಮ ಸುತ್ತಮುತ್ತ ಸರ್ವೀಸ್ ಕಂಪನಿ ಬಿಟ್ಟು ಎಲೆಕ್ಟ್ರಿಕ್ ವಾಹನ, ಸ್ಮಾರ್ಟ್ ಮೀಟರ್, ವೇರಬಲ್ ಅಂತ ಸಣ್ಣ ಹಾರ್ಡ್‌ವೇರ್ ಕಂಪನಿಗಳಿಗೆ ಹೋಗ್ತಿರೋರು ಜಾಸ್ತಿ ಆಗ್ತಿದ್ದಾರೆ. ಹೋಗದೇ ಇರೋರು ಆ ವಸ್ತುಗಳನ್ನ ಬುಕ್ ಮಾಡ್ತಿದ್ದಾರೆ. ಅಂದ್ರೆ ಕೌಂಟರಿನ ಒಳಗಡೆನೂ ನಾವೇ, ಹೊರಗಡೆನೂ ನಾವೇ.

ಮುಂಗಡ ದುಡ್ಡು ಅಂದ್ರೆ ಸಾಲ

ಕಾಯೋದು ನಮಗೆ ಹೊಸದಲ್ಲ. ಬಜಾಜ್ ಚೇತಕ್ ಸ್ಕೂಟರಿಗೆ ನಮ್ಮ ಅಪ್ಪಂದಿರು ವರ್ಷಗಟ್ಟಲೆ ಕಾದಿದ್ದಾರೆ. 1983ರಲ್ಲಿ ಮಾರುತಿ ಕಾರಿಗೆ ಬುಕಿಂಗ್ ಶುರುವಾದಾಗ 10 ಸಾವಿರ ರೂಪಾಯಿ ಮುಂಗಡ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದ್ರು. ಆಗಿನ 10 ಸಾವಿರ ಸಣ್ಣ ಮೊತ್ತ ಅಲ್ಲ. ಆದರೂ ಜನ ಕಾದರು. ಬೇರೆ ಆಯ್ಕೆ ಕಡಿಮೆ ಇತ್ತು ಅನ್ನೋದು ಒಂದು ಕಾರಣ. ಇನ್ನೊಂದು, ಕೈಯಲ್ಲಿ ಒಂದು ನಂಬರ್ ಇತ್ತು. ಕ್ಯೂ ನಿಧಾನವಾಗಿ ಆದರೂ ಮುಂದೆ ಹೋಗ್ತಿದೆ ಅನ್ನೋದು ಕಣ್ಣಿಗೆ ಕಾಣ್ತಿತ್ತು, ಬೀದಿಗೆ ಒಂದೊಂದೇ ಗಾಡಿ ಬರ್ತಿತ್ತು.

ಇವತ್ತಿನ ಪ್ರೀ-ಆರ್ಡರ್ ಬೇರೆ ಥರ. ದುಡ್ಡು ಕಟ್ಟೋ ಹೊತ್ತಿಗೆ ಎಷ್ಟೋ ಸಲ ಕಾರ್ಖಾನೆಯ ಸಾಲೇ ಇರಲ್ಲ. ಇರೋದು ಒಂದು ಪ್ರೋಟೊಟೈಪ್, ಒಂದು ಚೆಂದದ ವಿಡಿಯೊ. ನೀವು ಕೊಡೋ ದುಡ್ಡಿನಿಂದಲೇ ಅಚ್ಚು ತಯಾರಾಗಬೇಕು, ಚಿಪ್ ಕೊಳ್ಳಬೇಕು. ಅಂದ್ರೆ ಗ್ರಾಹಕ ಇಲ್ಲಿ ಬಡ್ಡಿ ಇಲ್ಲದೆ, ಅಡಮಾನ ಇಲ್ಲದೆ ಸಾಲ ಕೊಟ್ಟವನು. ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಅನ್ನೋ ಗಾದೆ ಸುಮ್ಮನೆ ಹುಟ್ಟಿಲ್ಲ. ತಡವಾದಾಗ ಗ್ರಾಹಕನ ಸಿಟ್ಟಿನ ಹಿಂದೆ ಇರೋದು ವಸ್ತು ಬರಲಿಲ್ಲ ಅನ್ನೋ ಬೇಸರಕ್ಕಿಂತ, ‘ನನ್ನನ್ನ ಕೋಡಂಗಿ ಮಾಡಿದ್ರು’ ಅನ್ನೋ ಅವಮಾನ. ಇದನ್ನ ಅರ್ಥ ಮಾಡ್ಕೊಳ್ಳದ ಕಂಪನಿ ಏನೇ ಬರೆದ್ರೂ ಉರಿಯೋ ಬೆಂಕಿಗೆ ತುಪ್ಪ.

ಹಾರ್ಡ್‌ವೇರ್ ಯಾಕೆ ತಡ ಆಗತ್ತೆ

ಮೊದಲು ತಡದ ಕಾರಣ ನೋಡೋಣ. ಯಾಕಂದ್ರೆ ಎಲ್ಲಾ ತಡವೂ ಮೋಸ ಅಲ್ಲ.

ಸಾಫ್ಟ್‌ವೇರಿನಲ್ಲಿ ತಪ್ಪಾದರೆ ರೋಲ್‌ಬ್ಯಾಕ್ ಇದೆ. ರಾತ್ರಿ 11ಕ್ಕೆ ಹಾಟ್‌ಫಿಕ್ಸ್ ಹಾಕಿ ಮಲಗಬಹುದು. ಹಾರ್ಡ್‌ವೇರಿನಲ್ಲಿ ಹಾಗಿಲ್ಲ. ಪ್ಲಾಸ್ಟಿಕ್ ಕವಚಕ್ಕೆ ಉಕ್ಕಿನ ಅಚ್ಚು ಕೊರೆಸಬೇಕು. ಆ ಟೂಲಿಂಗ್‌ಗೆ ವಾರಗಟ್ಟಲೆ ಬೇಕು, ಲಕ್ಷಗಟ್ಟಲೆ ಖರ್ಚು. ಮೊದಲ ಮಾದರಿ ಬಂದಾಗ ಬಟನ್ ಅರ್ಧ ಮಿಲಿಮೀಟರ್ ಬಿಗಿ ಅಂತ ಗೊತ್ತಾದ್ರೆ ಅಚ್ಚು ತಿದ್ದಬೇಕು, ಮತ್ತೆ ಕೆಲವು ವಾರ.

ಹಂತಗಳೂ ಹಾಗೇ. ಮೊದಲು ಇವಿಟಿ: ಡಿಸೈನ್ ಕೆಲಸ ಮಾಡತ್ತಾ ಅಂತ ಕೆಲವೇ ಬೋರ್ಡ್‌ಗಳಲ್ಲಿ ನೋಡೋದು. ಆಮೇಲೆ ಡಿವಿಟಿ: ಬಿದ್ದರೆ, ಬಿಸಿಯಾದರೆ, ನೀರು ತಾಗಿದರೆ ಏನಾಗತ್ತೆ ಅಂತ ಪರೀಕ್ಷೆ. ಕೊನೆಗೆ ಪಿವಿಟಿ: ನಿಜವಾದ ಕಾರ್ಖಾನೆ ಸಾಲಿನಲ್ಲಿ, ನಿಜವಾದ ಕೆಲಸಗಾರರ ಕೈಯಲ್ಲಿ ಇದು ಸರಿಯಾಗಿ ಬರತ್ತಾ ಅಂತ ನೋಡೋದು. ಇದರ ಮೇಲೆ ಪ್ರಮಾಣಪತ್ರಗಳು. ನಮ್ಮಲ್ಲಿ ಬಹಳಷ್ಟು ಎಲೆಕ್ಟ್ರಾನಿಕ್ ವಸ್ತುಗಳಿಗೆ ಬಿಐಎಸ್ ನೋಂದಣಿ ಬೇಕು, ವೈ-ಫೈ ಬ್ಲೂಟೂತ್ ಇದ್ದರೆ ಡಬ್ಲ್ಯೂಪಿಸಿ ಅನುಮತಿ ಬೇಕು, ಲಿಥಿಯಂ ಬ್ಯಾಟರಿ ಸಾಗಿಸೋಕೆ ಬೇರೆ ಪರೀಕ್ಷೆ. ಚೀನಾದಿಂದ ಭಾಗ ತರಿಸೋರಿಗೆ ಅಲ್ಲಿನ ಹೊಸ ವರ್ಷದ ರಜೆ ಅಂದ್ರೆ ವಾರಗಳ ಕಾಲ ಎಲ್ಲಾ ಸ್ತಬ್ಧ.

ಒಂದು ಸಣ್ಣ ಲೆಕ್ಕ ಹೇಳ್ತೀನಿ. ನಿಮ್ಮ ಬೋರ್ಡಿನಲ್ಲಿ 60 ಬಗೆಯ ಭಾಗಗಳಿವೆ ಅಂದ್ಕೊಳ್ಳಿ. ಪ್ರತಿಯೊಂದೂ ಸಮಯಕ್ಕೆ ಬರೋ ಸಾಧ್ಯತೆ ಶೇಕಡ 99. ಕೇಳೋಕೆ ಅದ್ಭುತ. ಆದರೆ 60 ಭಾಗವೂ ಒಟ್ಟಿಗೆ ಸಮಯಕ್ಕೆ ಬರೋ ಸಾಧ್ಯತೆ? 0.99 ಅನ್ನ 60 ಸಲ ಗುಣಿಸಿ. ಶೇಕಡ 55ರ ಆಸುಪಾಸು. ಅಂದ್ರೆ ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ. 59 ಭಾಗ ಬಂದು ಎರಡು ರೂಪಾಯಿಯ ಒಂದು ಕನೆಕ್ಟರ್ ಬರದಿದ್ದರೂ ಸಾಲು ನಿಲ್ಲತ್ತೆ. ನಮ್ಮ ಕೋಡಿನಲ್ಲಿ ಆ ಭಾಗವನ್ನ ಕಮೆಂಟ್ ಮಾಡಿ ಮುಂದೆ ಹೋಗಬಹುದಿತ್ತು, ಇಲ್ಲಿ ಆಗಲ್ಲ.

ಹಾಗಾಗಿ ಹಾರ್ಡ್‌ವೇರಿನಲ್ಲಿ ತಡ ಆಗೋದು ಸಾಮಾನ್ಯ. ತಡ ಆದಮೇಲೆ ಕಂಪನಿ ಹೇಗೆ ನಡ್ಕೊಳ್ಳತ್ತೆ ಅನ್ನೋದ್ರಲ್ಲಿ ವ್ಯತ್ಯಾಸ ಇರೋದು.

ಒಡೆಯೋದು ಒಂದೇ ನಂಬಿಕೆ ಅಲ್ಲ, ಮೂರು

‘ನಂಬಿಕೆ ಹೋಯ್ತು’ ಅಂತ ಒಂದೇ ಮಾತಿನಲ್ಲಿ ಹೇಳ್ತೀವಿ. ಬಿಡಿಸಿ ನೋಡಿದ್ರೆ ಅಲ್ಲಿ ಮೂರು ಪ್ರಶ್ನೆ ಇವೆ. ಒಂದು, ಇವರು ಹೇಳೋ ದಿನಾಂಕ ನಂಬಬಹುದಾ? ಎರಡು, ನನ್ನ ದುಡ್ಡು ಸುರಕ್ಷಿತವಾಗಿ ಇದೆಯಾ? ಮೂರು, ಇವರು ನನಗೆ ನಿಜ ಹೇಳ್ತಿದ್ದಾರಾ?

ಮೊದಲನೆಯದು ಹೋದರೆ ಜನ ಗೊಣಗ್ತಾರೆ. ಎರಡನೆಯದು ಹೋದರೆ ರಿಫಂಡ್ ಕೇಳ್ತಾರೆ. ಮೂರನೆಯದು ಹೋದರೆ ಆಮೇಲೆ ನಿಜ ಹೇಳಿದ್ರೂ ನಂಬಲ್ಲ. ದಿನಾಂಕ ತಪ್ಪಿದ ಕಂಪನಿ ಬದುಕಬಹುದು. ಆ ದಿನಾಂಕ ತಪ್ಪತ್ತೆ ಅಂತ ಎರಡು ತಿಂಗಳು ಮೊದಲೇ ಗೊತ್ತಿದ್ದೂ ಸುಮ್ಮನಿದ್ದ ಕಂಪನಿಗೆ ಕಷ್ಟ.

ಊರಿನ ದರ್ಜಿಯನ್ನ ನೆನಪು ಮಾಡ್ಕೊಳ್ಳಿ. ದೀಪಾವಳಿಗೆ ಕೊಡ್ತೀನಿ ಅಂದಿದ್ದ ಬಟ್ಟೆ ಆಗಿಲ್ಲ. ‘ಆಯ್ತು, ನಾಳೆ ಬನ್ನಿ’ ಅಂದ್ರೆ ನಮಗೆ ಸಿಟ್ಟು. ಅದೇ ಕತ್ತರಿಸಿಟ್ಟ ಬಟ್ಟೆ ತೆಗೆದು ತೋರಿಸಿ, ‘ಕಾಲರ್ ಆಗಿದೆ, ತೋಳು ಬಾಕಿ, ಕಾಜ ಮಾಡೋನು ಊರಿಗೆ ಹೋಗಿದ್ದಾನೆ, ಗುರುವಾರ ಬರ್ತಾನೆ’ ಅಂದ್ರೆ ಗೊಣಗಿಕೊಂಡಾದ್ರೂ ಮನೆಗೆ ಬರ್ತೀವಿ. ಎರಡರಲ್ಲೂ ಬಟ್ಟೆ ಸಿಕ್ಕಿಲ್ಲ. ಒಂದರಲ್ಲಿ ಮಾತ್ರ ಸಾಕ್ಷಿ ಸಿಕ್ಕಿದೆ.

ಪೆಬಲ್: ತಡವಾಗಿ ಬಂದು ಗೆದ್ದ ವಾಚ್

ಈಗ ನಿಜವಾದ ಉದಾಹರಣೆಗಳು. 2012ರ ಏಪ್ರಿಲ್‌ನಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಪೆಬಲ್ ಅನ್ನೋ ಸ್ಮಾರ್ಟ್ ವಾಚ್ ಬಂತು. ಎರಿಕ್ ಮಿಗಿಕೋವ್ಸ್ಕಿ ಅನ್ನೋರ ತಂಡ. ಕೇಳಿದ್ದು 1 ಲಕ್ಷ ಡಾಲರ್. ಬಂದಿದ್ದು 1 ಕೋಟಿ ಡಾಲರಿಗೂ ಜಾಸ್ತಿ, ಸುಮಾರು 69 ಸಾವಿರ ಜನರಿಂದ. ಕೊಡ್ತೀವಿ ಅಂದಿದ್ದು 2012ರ ಸೆಪ್ಟೆಂಬರ್‌ಗೆ.

ಸಮಸ್ಯೆ ಏನು ಅಂದ್ರೆ, ಕೆಲವು ನೂರು ಅಥವಾ ಸಾವಿರ ವಾಚ್ ಮಾಡೋ ರೀತಿ ಬೇರೆ, ಹತ್ತಾರು ಸಾವಿರ ಮಾಡೋ ರೀತಿಯೇ ಬೇರೆ. ಕಾರ್ಖಾನೆ, ಅಚ್ಚು, ಜೋಡಣೆ ಎಲ್ಲಾ ಬದಲಾಯಿತು. ಸೆಪ್ಟೆಂಬರ್ ಹೋಯ್ತು, ವರ್ಷ ಮುಗೀತು. 2013ರ ಜನವರಿಯಲ್ಲಿ ಲಾಸ್ ವೇಗಸ್‌ನ ಸಿಇಎಸ್ ಪ್ರದರ್ಶನದಲ್ಲಿ ‘ಜನವರಿ 23ರಿಂದ ಕಳಿಸ್ತೀವಿ’ ಅಂತ ಘೋಷಿಸಿದ್ರು, ಅದೇ ದಿನ ಶುರು ಮಾಡಿದ್ರು. ಮೊದಲು ಕಪ್ಪು ಬಣ್ಣದ್ದು, ಬೇರೆ ಬಣ್ಣ ಆಮೇಲೆ.

ಆ ನಾಲ್ಕು ತಿಂಗಳು ಜನ ತಾಳ್ಮೆ ಕಳ್ಕೊಳ್ಳದೇ ಇರಲಿಲ್ಲ. ಆದರೆ ತಂಡ ನಿರಂತರವಾಗಿ ಅಪ್‌ಡೇಟ್ ಬರೀತಿತ್ತು. ಕಾರ್ಖಾನೆಯ ಚಿತ್ರ, ಜೋಡಣೆಯ ವಿವರ, ಯಾವ ಹಂತ ಮುಗೀತು, ಯಾವುದು ಬಾಕಿ. ದರ್ಜಿ ಬಟ್ಟೆ ತೋರಿಸಿದ ಹಾಗೆ. ಹೊಸ ದಿನಾಂಕ ಹೇಳೋಕೆ ಮೊದಲು ಕೈಯಲ್ಲಿ ಆಧಾರ ಬರೋವರೆಗೂ ಕಾದರು. ಹೇಳಿದ ಮೇಲೆ ತಪ್ಪಿಸಲಿಲ್ಲ.

ಅವರೂ ಎಡವಿದ್ದು ಉಂಟು. 2013ರ ಜುಲೈನಲ್ಲಿ ಅಮೆರಿಕದ ಬೆಸ್ಟ್ ಬೈ ಅಂಗಡಿಗಳಲ್ಲಿ ಪೆಬಲ್ ಮಾರಾಟಕ್ಕೆ ಬಂದಾಗ, ಬಣ್ಣದ ವಾಚಿಗೆ ಇನ್ನೂ ಕಾಯ್ತಿದ್ದ ಹಳೇ ಬೆಂಬಲಿಗರು ಕೆಂಡವಾದರು. ‘ನಾವು ಮೊದಲು ದುಡ್ಡು ಕೊಟ್ಟೋರು, ನಿನ್ನೆ ಬಂದೋನು ಅಂಗಡಿಯಿಂದ ಕೈಗೆ ಕಟ್ಕೊಂಡು ಹೋಗ್ತಿದ್ದಾನೆ’ ಅಂತ. ಕ್ಯೂ ಮುರಿದ್ರೆ ತಡಕ್ಕಿಂತ ಜಾಸ್ತಿ ನೋವಾಗತ್ತೆ ಅನ್ನೋಕೆ ಇದು ಸಾಕ್ಷಿ.

ಕತೆ ಇನ್ನೂ ಇದೆ. 2016ರಲ್ಲಿ ಅದೇ ಕಂಪನಿ ಮತ್ತೆ ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು 1.28 ಕೋಟಿ ಡಾಲರ್ ಎತ್ತಿತು. ಆದರೆ ಡಿಸೆಂಬರ್‌ನಲ್ಲಿ ಕಂಪನಿಯೇ ಮುಚ್ಚಿತು, ತಂತ್ರಜ್ಞಾನ ಫಿಟ್‌ಬಿಟ್ ಪಾಲಾಯ್ತು. ತಯಾರಾಗದೇ ಉಳಿದ ಮಾದರಿಗಳನ್ನ ರದ್ದು ಮಾಡಿ, ಅವಕ್ಕೆ ದುಡ್ಡು ಕೊಟ್ಟವರಿಗೆ ರಿಫಂಡ್ ಕೊಡೋ ವ್ಯವಸ್ಥೆ ಮಾಡಿದ್ರು. 2025ರಲ್ಲಿ ಅದೇ ಮಿಗಿಕೋವ್ಸ್ಕಿ ಹೊಸ ಕಂಪನಿ ಕಟ್ಟಿ, ಹಳೇ ಪೆಬಲ್ ಮಾದರಿಯ ವಾಚಿಗೆ ಮತ್ತೆ ಪ್ರೀ-ಆರ್ಡರ್ ತೆರೆದಾಗ ಜನ ಮತ್ತೆ ದುಡ್ಡು ಕಟ್ಟಿದ್ರು. ಅಂಗಡಿ ಮುಚ್ಚುವಾಗ ದುಡ್ಡು ಮುಳುಗಿಸಿದ್ದರೆ ಈ ಎರಡನೇ ಅವಕಾಶ ಅಷ್ಟು ಸುಲಭವಾಗಿ ಸಿಗ್ತಿತ್ತಾ? ನನಗೆ ಅನುಮಾನ.

ಕೂಲೆಸ್ಟ್ ಕೂಲರ್: ದುಡ್ಡು ಖಾಲಿಯಾದ ಪೆಟ್ಟಿಗೆ

ಇದಕ್ಕೆ ತದ್ವಿರುದ್ಧ ಕತೆ ಕೂಲೆಸ್ಟ್ ಕೂಲರ್. ಪಿಕ್ನಿಕ್‌ಗೆ ಒಯ್ಯೋ ಐಸ್ ಪೆಟ್ಟಿಗೆ, ಅದರಲ್ಲೇ ಬ್ಲೆಂಡರ್, ಸ್ಪೀಕರ್, ಚಾರ್ಜರ್. 2014ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ 1.32 ಕೋಟಿ ಡಾಲರಿಗೂ ಜಾಸ್ತಿ ಬಂತು, 62 ಸಾವಿರಕ್ಕೂ ಹೆಚ್ಚು ಜನರಿಂದ. 2015ರ ಫೆಬ್ರವರಿಗೆ ಕೊಡ್ತೀವಿ ಅಂದಿದ್ರು.

ತಡ ಆಯ್ತು. ಆದರೆ ನಿಜವಾದ ರೋಗ ತಡ ಅಲ್ಲ, ಲೆಕ್ಕ. ಒಂದು ಪೆಟ್ಟಿಗೆ ಮಾಡಿ ಕಳಿಸೋಕೆ ಆಗೋ ಖರ್ಚು, ಬೆಂಬಲಿಗರಿಂದ ತಗೊಂಡ ದುಡ್ಡಿಗಿಂತ ಜಾಸ್ತಿ ಇತ್ತು. ಒಂದೊಂದು ಕಳಿಸಿದಷ್ಟೂ ಹಳ್ಳ ಆಳ ಆಗ್ತಾ ಹೋಯ್ತು. ಅದನ್ನ ತುಂಬೋಕೆ ಹೊಸಬರಿಗೆ ಜಾಸ್ತಿ ಬೆಲೆಗೆ ಅಮೆಜಾನ್‌ನಲ್ಲಿ ಮಾರಿದ್ರು, ಹಳಬರು ಕಾಯ್ತಾನೇ ಇದ್ರು. 2016ರಲ್ಲಿ ‘ಇನ್ನೂ 97 ಡಾಲರ್ ಕೊಟ್ಟರೆ ಬೇಗ ಕಳಿಸ್ತೀವಿ’ ಅಂತ ಕೇಳಿದ್ರು. ವಿಷಯ ಒರೆಗಾನ್ ರಾಜ್ಯದ ನ್ಯಾಯ ಇಲಾಖೆವರೆಗೂ ಹೋಗಿ 2017ರಲ್ಲಿ ಒಪ್ಪಂದ ಆಯ್ತು. 2019ರ ಡಿಸೆಂಬರ್‌ನಲ್ಲಿ ಕಂಪನಿ ಮುಚ್ಚಿತು. ಸುಮಾರು 20 ಸಾವಿರ ಜನಕ್ಕೆ ಪೆಟ್ಟಿಗೆ ಸಿಗಲೇ ಇಲ್ಲ.

ಹಳಬರನ್ನ ಬಿಟ್ಟು ಹೊಸಬರಿಗೆ ಮಾರಿದ್ದಕ್ಕೆ ವ್ಯಾವಹಾರಿಕ ಕಾರಣ ಇತ್ತು, ಲಾಭ ಬಂದ್ರೆ ಹಳಬರ ಪೆಟ್ಟಿಗೆ ಮಾಡಬಹುದು ಅನ್ನೋ ತರ್ಕ ಇತ್ತು. ಆದರೆ ಅದನ್ನ ಮಾಡೋಕೆ ಮುಂಚೆ ಹಳಬರನ್ನ ಒಳಗೆ ಕೂರಿಸಿಕೊಂಡು ಲೆಕ್ಕ ತೋರಿಸಬೇಕು. ಅಂಗಡಿಯ ಪುಟದಲ್ಲಿ ಅವರೇ ಕಂಡುಹಿಡಿಯೋ ಹಾಗೆ ಆಗಬಾರದು.

ಎರಡು ಸಣ್ಣ ಪಾಠ: ರಾಸ್ಪ್‌ಬೆರಿ ಪೈ, ಸ್ಟೀಮ್ ಡೆಕ್

2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂತು. ಮೊದಲ ಬ್ಯಾಚ್ 10 ಸಾವಿರ ಬೋರ್ಡ್. ಒಂದೇ ವಾರದಲ್ಲಿ ಗೊತ್ತಾಯ್ತು: ಕಾರ್ಖಾನೆಯಲ್ಲಿ ಈಥರ್ನೆಟ್ ಜ್ಯಾಕ್ ತಪ್ಪು ಹಾಕಿದ್ದಾರೆ, ಒಳಗೆ ಮ್ಯಾಗ್ನೆಟಿಕ್ಸ್ ಇರಬೇಕಿತ್ತು, ಇಲ್ಲದ್ದು ಬೆಸುಗೆ ಆಗಿದೆ. ಅವರು ‘ತಾಂತ್ರಿಕ ಕಾರಣಗಳಿಂದ’ ಅಂತ ಬರೀಲಿಲ್ಲ. ಯಾವ ಭಾಗ, ಏನು ತಪ್ಪು, ಹೇಗೆ ಬದಲಾಯಿಸ್ತೀವಿ ಅಂತ ನೇರವಾಗಿ ಬರೆದ್ರು. ಆಮೇಲೆ ಸಿಇ ಗುರುತಿನ ಪರೀಕ್ಷೆಯಿಂದ ಇನ್ನಷ್ಟು ತಡ ಆದಾಗಲೂ ಹಾಗೇ ಹೇಳಿದ್ರು. ಖರೀದಿದಾರರಲ್ಲಿ ಎಂಜಿನಿಯರ್‌ಗಳೇ ಜಾಸ್ತಿ. ಅವರಿಗೆ ನಿಖರವಾದ ಕಾರಣ ಸಿಕ್ಕಿದ್ದೇ ಸಮಾಧಾನ. ನಿಖರತೆ ಇದ್ದಾಗ ‘ಇವರಿಗೆ ತಮ್ಮ ಸಮಸ್ಯೆ ಏನು ಅಂತ ಗೊತ್ತು’ ಅನ್ನೋದು ತಿಳಿಯತ್ತೆ.

ಎರಡನೆಯದು ವಾಲ್ವ್ ಕಂಪನಿಯ ಸ್ಟೀಮ್ ಡೆಕ್. 2021ರ ಜುಲೈನಲ್ಲಿ ಪೂರ್ತಿ ಬೆಲೆ ತಗೊಳ್ಳಲಿಲ್ಲ, 5 ಡಾಲರ್‌ಗೆ ಕ್ಯೂನಲ್ಲಿ ಜಾಗ ಕೊಟ್ರು. ಡಿಸೆಂಬರ್‌ಗೆ ಬರಬೇಕಿತ್ತು. ಚಿಪ್ ಮತ್ತಿತರ ಭಾಗಗಳ ಕೊರತೆಯಿಂದ ಎರಡು ತಿಂಗಳು ತಡ ಅಂತ ನವೆಂಬರ್‌ನಲ್ಲೇ, ಅಂದ್ರೆ ಗಡುವಿಗೆ ಮೊದಲೇ ಹೇಳಿದ್ರು. ಕ್ಯೂನಲ್ಲಿ ನಿಮ್ಮ ಜಾಗ ಬದಲಾಗಲ್ಲ ಅಂತ ಭರವಸೆ ಕೊಟ್ರು. 2022ರ ಫೆಬ್ರವರಿ ಕೊನೆಯಲ್ಲಿ ಕಳಿಸೋಕೆ ಶುರು. ಸರದಿ ಬಂದಾಗ ಇ-ಮೇಲ್ ಬರತ್ತೆ, 72 ಗಂಟೆಯಲ್ಲಿ ಬೇಕಾದ್ರೆ ಪೂರ್ತಿ ದುಡ್ಡು ಕಟ್ಟಿ, ಬೇಡವಾದ್ರೆ ಬಿಡಿ. ಕೈಯಲ್ಲಿ ದುಡ್ಡು ಇರೋ ಕಂಪನಿಗೆ ಇದು ಸುಲಭ, ಒಪ್ಪೋಣ. ಆದರೆ ‘ಜಾಗ ಬದಲಾಗಲ್ಲ’ ಅನ್ನೋ ಮಾತಿಗೆ ದುಡ್ಡು ಬೇಕಾಗಿಲ್ಲ.

‘ನಾಳೆ ಬಾ’ ಪತ್ರ ಮತ್ತು ನಿಜವಾದ ಪತ್ರ

90ರ ದಶಕದಲ್ಲಿ ನಮ್ಮ ಕಡೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ದದ್ದು ಹಲವರಿಗೆ ನೆನಪಿರಬೇಕು. ರಾತ್ರಿ ಬರೋ ದೆವ್ವ ಅದನ್ನ ಓದಿ ವಾಪಸ್ ಹೋಗಬೇಕು, ಮರುದಿನ ಬಂದು ಮತ್ತೆ ಅದನ್ನೇ ಓದಬೇಕು. ತುಂಬಾ ಕಂಪನಿಗಳ ಅಪ್‌ಡೇಟ್ ಹೀಗೇ ಇರತ್ತೆ:

‘ಆತ್ಮೀಯ ಗ್ರಾಹಕರೇ, ಅನಿವಾರ್ಯ ಕಾರಣಗಳಿಂದ ಸ್ವಲ್ಪ ವಿಳಂಬವಾಗಿದೆ. ನಮ್ಮ ತಂಡ ಹಗಲಿರುಳು ಶ್ರಮಿಸುತ್ತಿದೆ. ಶೀಘ್ರದಲ್ಲೇ ಸಿಹಿಸುದ್ದಿ ನೀಡುತ್ತೇವೆ. ನಿಮ್ಮ ತಾಳ್ಮೆಗೆ ಧನ್ಯವಾದ.’

ಇದರಲ್ಲಿ ಒಂದೂ ಮಾಹಿತಿ ಇಲ್ಲ. ಮುಂದಿನ ತಿಂಗಳೂ ಇದನ್ನೇ ಕಳಿಸಬಹುದು. ಗ್ರಾಹಕ ದೆವ್ವ ಅಲ್ಲ, ಎರಡನೇ ಸಲ ನಂಬಲ್ಲ.

ಈಗ ಇದನ್ನ ನೋಡಿ:

‘ಜೂನ್‌ಗೆ ಕೊಡ್ತೀವಿ ಅಂದಿದ್ದೆವು, ಆಗಲಿಲ್ಲ. ಆಗಲ್ಲ ಅಂತ ನಮಗೆ ಮೇ ಮೊದಲ ವಾರ ಗೊತ್ತಾಯ್ತು, ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಕಾರಣ: ಕವಚದ ಅಚ್ಚಿನ ಎರಡನೇ ಮಾದರಿಯಲ್ಲೂ ನೀರು ಒಳಗೆ ಹೋಗ್ತಿದೆ. ಮೂರನೇ ಮಾದರಿ ಆಗಸ್ಟ್ 12ಕ್ಕೆ ಬರತ್ತೆ. ಪರೀಕ್ಷೆಗೆ 10 ದಿನ. ಪಾಸಾದ್ರೆ ಮೊದಲ 300 ಜನಕ್ಕೆ ಅಕ್ಟೋಬರ್‌ನಲ್ಲಿ ಕಳಿಸ್ತೀವಿ. ಪಾಸಾಗದಿದ್ರೆ ಇನ್ನೂ ಆರು ವಾರ. ಏನಾಯ್ತು ಅಂತ ಆಗಸ್ಟ್ 25ಕ್ಕೆ ಬರೀತೀವಿ, ಸುದ್ದಿ ಕೆಟ್ಟದಾದ್ರೂ ಬರೀತೀವಿ. ನಿಮ್ಮ ಸರದಿ ಸಂಖ್ಯೆ ಕೆಳಗಿದೆ. ಕಾಯೋಕೆ ಇಷ್ಟ ಇಲ್ಲದಿದ್ರೆ ರಿಫಂಡ್ ಕೊಂಡಿ ಇಲ್ಲಿದೆ.’

ಈ ಎರಡನೇ ಪತ್ರದಲ್ಲಿ ಏನೇನಿದೆ ನೋಡಿ. ಯಾವಾಗ ಗೊತ್ತಾಯ್ತು ಅನ್ನೋದು ಇದೆ. ಒಂದು ನಿರ್ದಿಷ್ಟ ಕಾರಣ ಇದೆ. ಡೆಲಿವರಿಯ ದಿನಾಂಕಕ್ಕಿಂತ ಮುಂಚಿನ ಒಂದು ಮೈಲಿಗಲ್ಲು ಇದೆ, ಅದು ಪಾಸಾದ್ರೆ ಏನು, ಫೇಲಾದ್ರೆ ಏನು ಅನ್ನೋದೂ ಇದೆ. ಮುಂದಿನ ಪತ್ರದ ದಿನ ಇದೆ. ಸರದಿ ಇದೆ. ಹೊರಗೆ ಹೋಗೋ ಬಾಗಿಲು ಇದೆ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಅಂತ ಕೇಳಿದ್ರೆ ನಾನು ‘ಆಗಸ್ಟ್ 25’ ಅಂತೀನಿ. ವಸ್ತುವಿನ ದಿನಾಂಕ ನಿಮ್ಮ ಕೈಯಲ್ಲಿಲ್ಲ, ಸಪ್ಲೈಯರ್ ಕೈಯಲ್ಲಿದೆ. ಪತ್ರ ಬರೆಯೋ ದಿನಾಂಕ ಪೂರ್ತಿ ನಿಮ್ಮ ಕೈಯಲ್ಲಿದೆ. ಉಳಿಸಿಕೊಳ್ಳಬಲ್ಲ ಸಣ್ಣ ಮಾತು ಕೊಟ್ಟು, ಉಳಿಸಿಕೊಳ್ಳಿ. ಹಾಗೆ ಐದಾರು ಸಲ ಆದಮೇಲೆ ದೊಡ್ಡ ಮಾತಿಗೂ ಬೆಲೆ ಬರತ್ತೆ. ನಮ್ಮ ಸ್ಪ್ರಿಂಟ್ ಡೆಮೊ ಇದ್ದ ಹಾಗೆ: ಹದಿನೈದು ದಿನಕ್ಕೊಮ್ಮೆ, ಏನೂ ಆಗದಿದ್ರೂ ‘ಏನೂ ಆಗಿಲ್ಲ, ಯಾಕಂದ್ರೆ ಹೀಗೆ’ ಅಂತ ತೋರಿಸೋದು.

ಇನ್ನೊಂದು ಮಾತು. ಪತ್ರ ಬರೆಯೋರು ಮಾರ್ಕೆಟಿಂಗ್‌ನವರಾಗಬಾರದು. ಅಚ್ಚಿನ ಸಮಸ್ಯೆಯನ್ನ ಕೈಯಾರೆ ನೋಡಿದೋರು ಬರೀಲಿ, ಹೆಸರು ಹಾಕಿ ಬರೀಲಿ. ಕೂಪನ್, ಟೀ ಶರ್ಟು ಕೊಟ್ಟು ಸಮಾಧಾನ ಮಾಡೋಕೆ ಹೋಗಬೇಡಿ. ಇರೋ ಸಾಲ ತೀರಿಸದೆ ಉಡುಗೊರೆ ಕೊಟ್ಟ ಹಾಗೆ ಆಗತ್ತೆ.

ಕಷ್ಟದ ಪ್ರಶ್ನೆ: ರಿಫಂಡ್ ಕೊಟ್ಟರೆ ವಸ್ತು ಮಾಡೋಕೆ ದುಡ್ಡಿಲ್ಲ

ಇಲ್ಲಿವರೆಗೆ ಹೇಳಿದ್ದು ಸುಲಭದ ಭಾಗ. ಹೈದರಾಬಾದಿನಿಂದ ಒಬ್ಬ ವೀಕ್ಷಕರು ಕೇಳಿದ ಪ್ರಶ್ನೆ ನಿಜವಾಗಿ ಕಷ್ಟದ್ದು. ಗುರುತು ಸಿಗದ ಹಾಗೆ ಅಂಕಿಗಳನ್ನ ಬದಲಾಯಿಸಿದ್ದೀನಿ. 1,400 ಆರ್ಡರ್, ತಲಾ 6 ಸಾವಿರ ರೂಪಾಯಿ, ಒಟ್ಟು 84 ಲಕ್ಷ. ಅಚ್ಚು, ಬೋರ್ಡ್, ಪ್ರಮಾಣಪತ್ರ ಅಂತ 51 ಲಕ್ಷ ಖರ್ಚಾಗಿದೆ. ಉಳಿದಿದ್ದು 33 ಲಕ್ಷ. ಎಲ್ಲಾ 1,400 ಮಾಡಿ ಕಳಿಸೋಕೆ ಇನ್ನೂ 40 ಲಕ್ಷ ಬೇಕು. ‘ರಿಫಂಡ್ ಬಾಗಿಲು ತೆರೆದರೆ ಮುಳುಗ್ತೀವಿ, ಮುಚ್ಚಿದರೆ ಮೋಸಗಾರರಾಗ್ತೀವಿ, ಏನು ಮಾಡೋದು?’ ಅಂತ ಕೇಳಿದ್ರು.

ಲೆಕ್ಕ ಹಾಕೋಣ. ಯಾರೂ ರಿಫಂಡ್ ಕೇಳದಿದ್ರೂ 7 ಲಕ್ಷ ಕೊರತೆ ಇದೆ. ಶೇಕಡ 30 ಜನ, ಅಂದ್ರೆ 420 ಜನ ಕೇಳಿದ್ರೆ 25.2 ಲಕ್ಷ ಹೋಗತ್ತೆ, ಕೈಯಲ್ಲಿ 7.8 ಲಕ್ಷ. ಉಳಿದ 980 ಮಾಡೋಕೆ 28 ಲಕ್ಷ ಬೇಕು. ಕೊರತೆ 20.2 ಲಕ್ಷ.

ಮೊದಲು ನೋಡಬೇಕಾದ್ದು: ಇಲ್ಲಿ ಸಮಸ್ಯೆ ರಿಫಂಡ್ ಅಲ್ಲ. 7 ಲಕ್ಷದ ಕೊರತೆ ಮೊದಲೇ ಇತ್ತು. ರಿಫಂಡ್ ಮುಚ್ಚಿದ್ರೆ ಆ ಕೊರತೆ ಮುಚ್ಚಲ್ಲ, ಮರೆಯಾಗತ್ತೆ ಅಷ್ಟೇ. ಹಾಗಾಗಿ ನನ್ನ ಉತ್ತರ ಹೀಗೆ.

ಒಂದು, ಇವತ್ತೇ ಹೊಸ ಪ್ರೀ-ಆರ್ಡರ್ ನಿಲ್ಲಿಸಿ. ಹೊಸಬರ ದುಡ್ಡಿನಿಂದ ಹಳಬರ ಬಾಕಿ ತೀರಿಸೋದು ವ್ಯಾಪಾರ ಅಲ್ಲ, ಚೀಟಿ ಮುಳುಗೋ ದಾರಿ.

ಎರಡು, 20 ಲಕ್ಷದ ಕೊರತೆಯನ್ನ ಗ್ರಾಹಕರ ಹೊರಗಿನಿಂದ ತರಬೇಕು. ಪಾಲುದಾರರ ದುಡ್ಡು, ಹೂಡಿಕೆದಾರರು, ಬ್ಯಾಂಕು, ಸಪ್ಲೈಯರ್ ಹತ್ರ ಸಾಲದ ಅವಧಿ. ಹೂಡಿಕೆದಾರರಿಗೂ ಇದೇ ಲೆಕ್ಕ ತೋರಿಸಿ.

ಮೂರು, ರಿಫಂಡ್ ಬಾಗಿಲು ತೆರೆಯಿರಿ, ಆದರೆ ಕ್ಯೂ ಮಾಡಿ. ‘ವಾರಕ್ಕೆ ಇಷ್ಟು, ಕೇಳಿದ ಕ್ರಮದಲ್ಲಿ, ನಿಮ್ಮದು ಇಂಥ ವಾರ’ ಅಂತ ಬರೆದು ಕೊಡಿ, ಆ ವಾರ ಕೊಡಿ. ಬಾಗಿಲು ಮುಚ್ಚಿದೆ ಅಂತ ಸುದ್ದಿ ಹಬ್ಬಿದಾಗ ಕಾಯೋ ಮನಸ್ಸಿದ್ದೋರೂ ಓಡಿಬರ್ತಾರೆ. ಬಾಗಿಲು ತೆರೆದಿದೆ, ಪಕ್ಕದ ಮನೆಯವನಿಗೆ ದುಡ್ಡು ಬಂತು ಅಂತ ಗೊತ್ತಾದ್ರೆ, ‘ಇನ್ನೆರಡು ತಿಂಗಳು ನೋಡೋಣ’ ಅನ್ನೋರು ಇರ್ತಾರೆ.

ನಾಲ್ಕು, ಮೊದಲ 200 ಅಥವಾ 300 ವಸ್ತು ಮಾಡಿ ನಿಜವಾದ ಗ್ರಾಹಕರಿಗೆ, ಸರದಿ ಪ್ರಕಾರ, ತಲುಪಿಸಿ. ಪತ್ರಕ್ಕಿಂತ ಒಬ್ಬ ಗ್ರಾಹಕ ‘ನನಗೆ ಬಂತು, ಕೆಲಸ ಮಾಡ್ತಿದೆ’ ಅನ್ನೋದು ದೊಡ್ಡ ಸಾಕ್ಷಿ.

ಐದು, ಇದು ಹೇಳೋಕೆ ಕಷ್ಟ. ಒಂದು ದಿನಾಂಕ ಇಟ್ಕೊಳ್ಳಿ. ಆ ದಿನದೊಳಗೆ ಹೊರಗಿನ ದುಡ್ಡು ಬರಲಿಲ್ಲ ಅಂದ್ರೆ ನಿಲ್ಲಿಸಿ. 33 ಲಕ್ಷ ಇರುವಾಗ ನಿಲ್ಲಿಸಿದ್ರೆ ಪ್ರತಿಯೊಬ್ಬರಿಗೂ 2,300 ರೂಪಾಯಿ ಆಸುಪಾಸು ವಾಪಸ್ ಕೊಡಬಹುದು. ಇನ್ನಾರು ತಿಂಗಳು ಎಳೆದು ಸಂಬಳ, ಬಾಡಿಗೆ ಅಂತ ಖರ್ಚಾದಮೇಲೆ ನಿಲ್ಲಿಸಿದ್ರೆ ಕೊಡೋಕೆ ಏನೂ ಇರಲ್ಲ. ಕನಸು ಕಟ್ಟಿದೋರಿಗೆ ಇದು ನೋವು, ನನಗೆ ಗೊತ್ತು. ಆದರೆ ಆ ದುಡ್ಡು ಅವರದ್ದು.

ಕಾನೂನು ಏನನ್ನತ್ತೆ

ಭಾರತದಲ್ಲಿ ಕಂಪನಿ ನಡೆಸೋರು ಒಂದು ವಿಷಯ ತಿಳ್ಕೊಂಡಿರಬೇಕು. ಕಂಪನಿ ಕಾಯ್ದೆಯ ಠೇವಣಿ ನಿಯಮಗಳ ಪ್ರಕಾರ, ಸರಕಿಗೆ ತಗೊಂಡ ಮುಂಗಡವನ್ನ 365 ದಿನದೊಳಗೆ ಆ ಸರಕಿಗೆ ಹೊಂದಿಸದಿದ್ದರೆ ಅದು ‘ಠೇವಣಿ’ ಅನ್ನಿಸಿಕೊಳ್ಳಬಹುದು. ಠೇವಣಿ ಅಂದ್ರೆ ಬೇರೆಯೇ ಕಟ್ಟುಪಾಡು. ವರ್ಷ ಹತ್ತಿರ ಬರ್ತಿದ್ದರೆ ಕಂಪನಿ ಸೆಕ್ರೆಟರಿ ಹತ್ರ ಕೂತು ಮಾತಾಡಿ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ಒಂದು ಒಳ್ಳೇ ಮಾದರಿ. ಹೇಳಿದ ಸಮಯಕ್ಕೆ ಕಳಿಸೋಕೆ ಆಗದಿದ್ರೆ ಮಾರಾಟಗಾರ ತಾನಾಗೇ ತಿಳಿಸಬೇಕು, ರದ್ದು ಮಾಡಿ ದುಡ್ಡು ವಾಪಸ್ ಪಡೆಯೋ ಆಯ್ಕೆ ಕೊಡಬೇಕು. ಮತ್ತೆ ತಡವಾದ್ರೆ ಗ್ರಾಹಕ ಸ್ಪಷ್ಟವಾಗಿ ‘ಕಾಯ್ತೀನಿ’ ಅನ್ನಬೇಕು, ಇಲ್ಲದಿದ್ರೆ ದುಡ್ಡು ವಾಪಸ್. ಅಂದ್ರೆ ಎರಡನೇ ಸಲ ಮೌನ ಸಮ್ಮತಿ ಅಲ್ಲ.

ನಮ್ಮಲ್ಲೂ ಇದಕ್ಕೆ ಹತ್ತಿರದ ವಿಚಾರ ಮನೆ ಕೊಳ್ಳೋದ್ರಲ್ಲಿ ಇದೆ. 2016ರ ರೇರಾ ಕಾಯ್ದೆಯಲ್ಲಿ ಬಿಲ್ಡರ್ ಖರೀದಿದಾರರಿಂದ ತಗೊಂಡ ದುಡ್ಡಿನ ಶೇಕಡ 70 ಅನ್ನ ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ಕೆಲಸ ಎಷ್ಟಾಗಿದೆಯೋ ಅದಕ್ಕೆ ತಕ್ಕ ಹಾಗೆ ಮಾತ್ರ ತೆಗೀಬೇಕು. ವಾಚಿಗೋ ಮೀಟರಿಗೋ ಈ ನಿಯಮ ಇಲ್ಲ. ಆದರೆ ಒಂದು ಸಣ್ಣ ಕಂಪನಿ ತಾನಾಗೇ ಹೀಗೆ ಪ್ರತ್ಯೇಕ ಖಾತೆ ಇಟ್ಟು, ‘ಇಷ್ಟು ಮುಟ್ಟಿಲ್ಲ’ ಅಂತ ತೋರಿಸಿದ್ರೆ ಅದಕ್ಕಿಂತ ದೊಡ್ಡ ಜಾಹೀರಾತು ಇಲ್ಲ.

ನೀವು ಕೌಂಟರಿನ ಹೊರಗಿದ್ದರೆ

ದುಡ್ಡು ಕಟ್ಟಿ ಕಾಯ್ತಿರೋರಿಗೆ ಕೆಲವು ಮಾತು. ಕ್ರೌಡ್‌ಫಂಡಿಂಗ್ ಅಂಗಡಿ ಅಲ್ಲ. ‘ಕಿಕ್‌ಸ್ಟಾರ್ಟರ್ ಅಂಗಡಿ ಅಲ್ಲ’ ಅಂತ ಆ ಕಂಪನಿಯೇ 2012ರಲ್ಲಿ ಹೇಳಿತ್ತು. ಅಲ್ಲಿ ಕಳ್ಕೊಳ್ಳೋಕೆ ಸಿದ್ಧ ಇರೋಷ್ಟೇ ಹಾಕಿ. ನೇರವಾಗಿ ಕಂಪನಿಯ ವೆಬ್‌ಸೈಟಿನಲ್ಲಿ ಬುಕ್ ಮಾಡಿದ್ದರೆ ರಸೀದಿ, ಹೇಳಿದ ದಿನಾಂಕದ ಸ್ಕ್ರೀನ್‌ಶಾಟ್, ಇ-ಮೇಲ್ ಎಲ್ಲಾ ಇಟ್ಕೊಳ್ಳಿ. ರಿಫಂಡ್ ಕೇಳೋದನ್ನ ಫೋನಿನಲ್ಲಿ ಬೇಡ, ಬರಹದಲ್ಲಿ ಕೇಳಿ. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳೋ ದಾರಿ ಇದೆ, ಅದಕ್ಕೆ ಗಡುವು ಇರತ್ತೆ, ತಡ ಮಾಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಅಲ್ಲೂ ಆಗದಿದ್ರೆ ಗ್ರಾಹಕ ಆಯೋಗಕ್ಕೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು.

ಕಂಪನಿಯನ್ನ ಅಳೆಯೋಕೆ ಅವರ ಕೊನೆಯ ಮೂರು ಅಪ್‌ಡೇಟ್ ತೆಗೆದು ಪಕ್ಕಪಕ್ಕ ಇಟ್ಟು ಓದಿ. ಒಂದರಿಂದ ಇನ್ನೊಂದಕ್ಕೆ ಏನಾದ್ರೂ ಮುಂದೆ ಹೋಗಿದೆಯಾ? ಹೋದ ತಿಂಗಳ ಸಮಸ್ಯೆ ಈ ತಿಂಗಳು ಬಗೆಹರಿದು ಹೊಸ ಸಮಸ್ಯೆ ಬಂದಿದ್ದರೆ ಅದು ಒಳ್ಳೇ ಲಕ್ಷಣ, ಕೆಲಸ ನಡೀತಿದೆ. ಮೂರರಲ್ಲೂ ಅದೇ ‘ಶೀಘ್ರದಲ್ಲೇ’ ಇದ್ದರೆ ದುಡ್ಡು ವಾಪಸ್ ಕೇಳೋ ಹೊತ್ತು ಬಂದಿದೆ.

ನಿಜ ಹೇಳ್ತಿರೋ ಸಣ್ಣ ತಂಡ ಸಿಕ್ಕರೆ ಬೈಯೋಕೆ ಮೊದಲು ಒಂದು ಸಾಲು ಬರೀರಿ: ‘ಓದಿದೆ, ಕಾಯ್ತೀನಿ, ಆಗಸ್ಟ್ 25ರ ಪತ್ರ ತಪ್ಪಿಸಬೇಡಿ.’ ಕೆಟ್ಟ ಸುದ್ದಿ ಹೇಳಿದೋರಿಗೆ ಬರೀ ಬೈಗುಳ ಸಿಕ್ಕರೆ, ಮುಂದಿನ ಸಲ ಅವರೂ ‘ನಾಳೆ ಬಾ’ ಅಂತಲೇ ಬರೀತಾರೆ.

ನೀವು ಹಾರ್ಡ್‌ವೇರ್ ತಂಡದಲ್ಲಿದ್ದರೆ ನಿಮ್ಮಲ್ಲಿ ತಡವನ್ನ ಗ್ರಾಹಕರಿಗೆ ಯಾರು ಹೇಳ್ತಾರೆ, ಹೇಗೆ ಹೇಳ್ತಾರೆ ಅಂತ ಬರೆದು ತಿಳಿಸಿ. ಮುಂದಿನ ಮಾತುಕತೆಯಲ್ಲಿ ಸಿಗೋಣ. ನಮಸ್ಕಾರ.